ಮೆಟಲ್ ಡಿಟೆಕ್ಟರಿಗೆ ಯಾವ ಕಾಯಿಲ್? ಮೊದಲು ನಮ್ಮ ಮಣ್ಣನ್ನ ನೋಡಿ



ನಮ್ಮ ಶಾಲೆಯ ವಿಜ್ಞಾನ ಸಂಘಕ್ಕೆ ಒಂದು ಮೆಟಲ್ ಡಿಟೆಕ್ಟರ್ ತರಿಸೋಣ ಅಂತ ಮಾತು ಬಂದಾಗ ಹತ್ತನೇ ತರಗತಿಯ ಹುಡುಗರು ಕೇಳಿದ ಮೊದಲ ಪ್ರಶ್ನೆ, “ಸಾರ್, ಎಷ್ಟು ಆಳದವರೆಗೂ ಗೊತ್ತಾಗುತ್ತೆ?” ಎರಡನೇ ಪ್ರಶ್ನೆ, “ಇನ್ನೂ ದೊಡ್ಡ ಕಾಯಿಲ್ ಹಾಕಿದ್ರೆ?” ಮೂರನೆಯದನ್ನ ಯಾರೂ ನನ್ನ ಕೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದ್ದು ಕಿವಿಗೆ ಬಿತ್ತು: “ಬಂದ್ರೆ ಮೊದ್ಲು ಬೆಟ್ಟದ ಮೇಲಿನ ಪಾಂಡವರ ಮನೆ ಹತ್ರ ತಗೊಂಡು ಹೋಗೋಣ.”

ಮೂರಕ್ಕೂ ಸೇರಿಸಿ ಇಲ್ಲಿ ಉತ್ತರ ಬರೀತಿದ್ದೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಶಾಲೆಗೆ ಕೊಳ್ಳೋ ಮೊದಲ ಡಿಟೆಕ್ಟರಿಗೆ ಮಧ್ಯಮ ಗಾತ್ರದ ‘ಡಬಲ್ ಡಿ’ ಕಾಯಿಲ್ ಸಾಕು. ಕಬ್ಬಿಣವನ್ನ ಬಿಟ್ಟು ಹುಡುಕೋ ಬಟನ್ ಒತ್ತಬಾರದು. ಹಳೇ ಕಲ್ಲುಗಳಿರೋ ಜಾಗಕ್ಕೆ ಆ ಯಂತ್ರ ಹೋಗಲೇಬಾರದು. ಕಾರಣಗಳನ್ನ ಓದಿ, ಒಪ್ಪದಿದ್ದರೆ ವಾದ ಮಾಡಿ.

ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತೆ ನೋಡೋಣ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆಯನ್ನ ನೀವು ಪಾಠದಲ್ಲಿ ಓದಿದ್ದೀರಿ. ಡಿಟೆಕ್ಟರಿನ ಕೋಲಿನ ತುದಿಯಲ್ಲಿ ತಟ್ಟೆ ಥರ ಇರುತ್ತಲ್ಲ, ಅದರೊಳಗೆ ಸಾಮಾನ್ಯವಾಗಿ ತಾಮ್ರದ ತಂತಿಯ ಎರಡು ಸುರುಳಿ ಇರುತ್ತವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸೋ ವಿದ್ಯುತ್ ಹರಿಯುತ್ತೆ. ಅದರಿಂದ ಬದಲಾಗ್ತಾ ಇರೋ ಕಾಂತಕ್ಷೇತ್ರ ಮಣ್ಣಿಗೆ ಇಳಿಯುತ್ತೆ. ಅಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ಸುಳಿ ಪ್ರವಾಹಗಳು ಹುಟ್ಟುತ್ತವೆ. ಆ ಸುಳಿಗಳಿಗೂ ತಮ್ಮದೇ ಕಾಂತಕ್ಷೇತ್ರ ಇರುತ್ತೆ. ಎರಡನೇ ಸುರುಳಿ ಅದನ್ನ ಹಿಡಿದು ‘ಬೀಪ್’ ಅನ್ನಿಸುತ್ತೆ.

ಸುಳಿ ಪ್ರವಾಹ ಇದೆ ಅಂತ ನಂಬೋದು ಹೇಗೆ? ಒಂದು ಅಲ್ಯೂಮಿನಿಯಂ ಅಥವಾ ತಾಮ್ರದ ಪೈಪನ್ನ ನೇರ ಹಿಡಿದು ಬಲವಾದ ಆಯಸ್ಕಾಂತವೊಂದನ್ನ ಒಳಗೆ ಬಿಡಿ. ಆಯಸ್ಕಾಂತ ಪೈಪಿಗೆ ಅಂಟೋದಿಲ್ಲ, ಆದರೂ ದಬಕ್ಕನೆ ಬೀಳದೆ ಮೆಲ್ಲಗೆ ಇಳಿಯುತ್ತೆ. ಪೈಪಿನ ಗೋಡೆಯಲ್ಲಿ ಹುಟ್ಟಿದ ಸುಳಿಗಳೇ ಅದನ್ನ ತಡೆದು ಇಳಿಸ್ತಿವೆ.

ಈಗ ಆಳದ ವಿಷಯ. ಸುರುಳಿಯಿಂದ ದೂರ ಹೋದಂತೆ ಕಾಂತಕ್ಷೇತ್ರ ಬಹಳ ಬೇಗ ಕ್ಷೀಣಿಸುತ್ತೆ. ಸಾಕಷ್ಟು ದೂರದಲ್ಲಿ, ಆಳ ಎರಡರಷ್ಟಾದರೆ ಕ್ಷೇತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಅದು ಹೋಗುವಾಗಿನ ಲೆಕ್ಕ. ನಾಣ್ಯದಿಂದ ಮರಳಿ ಬರುವಾಗ ಮತ್ತೆ ಎಂಟನೇ ಒಂದು. ಎಂಟನ್ನ ಎಂಟರಿಂದ ಗುಣಿಸಿ: ಸಂಕೇತ 64ರಲ್ಲಿ ಒಂದು ಭಾಗ ಆಯ್ತು! ಬ್ಯಾಟರಿ ಎರಡರಷ್ಟು ಮಾಡಿದ ಮಾತ್ರಕ್ಕೆ ಇದನ್ನ ಗೆಲ್ಲೋಕಾಗಲ್ಲ. ಹವ್ಯಾಸಕ್ಕೆ ಮಾರೋ ಡಿಟೆಕ್ಟರುಗಳು ನಾಣ್ಯದಷ್ಟು ಚಿಕ್ಕ ವಸ್ತುವನ್ನ ಹೆಚ್ಚುಕಡಿಮೆ ಕಾಯಿಲಿನ ಅಗಲದಷ್ಟು ಆಳದಲ್ಲಿ ಹಿಡಿದರೆ ಅದೇ ದೊಡ್ಡದು. ಅಂದರೆ ಒಂದು ಗೇಣು, ಒಂದೂಕಾಲು ಗೇಣು.

“ಹಾಗಾದ್ರೆ ಕಾಯಿಲನ್ನೇ ದೊಡ್ಡದು ಮಾಡೋಣ ಸಾರ್” ಅಂತೀರಿ. ಮಾಡಬಹುದು. ಆದರೆ ಅದಕ್ಕೆ ಬೆಲೆ ತೆರಬೇಕು. ಸುರುಳಿ ದೊಡ್ಡದಾದರೆ ಕ್ಷೇತ್ರ ಅಗಲಕ್ಕೆ ಹರಡಿಕೊಂಡು ತೆಳುವಾಗುತ್ತೆ. 15 ಇಂಚಿನ ಕಾಯಿಲ್ ಆಳದಲ್ಲಿರೋ ಕೊಡಪಾನ ಹಿಡಿದೀತು, ಮೇಲೇ ಇರೋ ಮೂಗುತಿಯನ್ನ ಬಿಟ್ಟುಬಿಟ್ಟೀತು. ಜೊತೆಗೆ ಅದರ ಕೆಳಗೆ ಒಂದೇ ಸಲ ಮೊಳೆ, ಸೋಡಾ ಮುಚ್ಚಳ, ತಂತಿ ಚೂರು ಎಲ್ಲಾ ಬರುತ್ತವೆ. ಎಲ್ಲರೂ ಒಟ್ಟಿಗೆ ಉತ್ತರ ಹೇಳಿದರೆ ನನಗೆ ತರಗತಿಯಲ್ಲಿ ಏನೂ ಅರ್ಥ ಆಗಲ್ಲ, ಯಂತ್ರಕ್ಕೂ ಅಷ್ಟೇ. 5-6 ಇಂಚಿನ ಸಣ್ಣ ಕಾಯಿಲ್ ಹತ್ತಿರ ಹತ್ತಿರ ಬಿದ್ದ ವಸ್ತುಗಳನ್ನ ಬೇರೆ ಬೇರೆಯಾಗಿ ತೋರಿಸುತ್ತೆ, ಆದರೆ ಆಳ ಕಡಿಮೆ, ಮೈದಾನ ಪೂರ್ತಿ ನೋಡೋಕೆ ಹೊತ್ತು ಹಿಡಿಯುತ್ತೆ. 9-10 ಇಂಚಿನದು ನಡುವಿನ ದಾರಿ. ಕೈನೋವೂ ಬರಲ್ಲ. ಎಂಟನೇ ತರಗತಿಯ ಹುಡುಗಿಯೂ ಅರ್ಧ ಗಂಟೆ ಬೀಸಬೇಕಲ್ಲ, ಅದೂ ಲೆಕ್ಕಕ್ಕೆ ಬರುತ್ತೆ.

ಗಾತ್ರದ ಮೇಲೆ ಆಕಾರ. ‘ಕಾನ್ಸೆಂಟ್ರಿಕ್’ ಅನ್ನೋ ಕಾಯಿಲಿನಲ್ಲಿ ದೊಡ್ಡ ವೃತ್ತದೊಳಗೆ ಸಣ್ಣ ವೃತ್ತ. ಅದು ಮಣ್ಣಿನಲ್ಲಿ ನೋಡೋ ಜಾಗ ತಲೆಕೆಳಗಾದ ಗೋಪುರದ ಥರ, ಕೆಳಗೆ ಹೋದಂತೆ ಮೊನೆಯಾಗುತ್ತೆ. ವಸ್ತು ಎಲ್ಲಿದೆ ಅಂತ ಬೊಟ್ಟಿಟ್ಟು ತೋರಿಸೋಕೆ ಒಳ್ಳೇದು. ‘ಡಬಲ್ ಡಿ’ಯಲ್ಲಿ ಇಂಗ್ಲಿಷಿನ ಡಿ ಅಕ್ಷರದಂಥ ಎರಡು ಸುರುಳಿ, ನಡುವೆ ಸ್ವಲ್ಪ ಒಂದರ ಮೇಲೊಂದು. ಅದು ನೋಡೋದು ಮುಖ್ಯವಾಗಿ ಆ ನಡುವಿನ ಪಟ್ಟಿಯ ಕೆಳಗಿನ ಮಣ್ಣನ್ನ, ಕತ್ತಿಯ ಅಲಗಿನ ಹಾಗೆ. ಒಂದು ಹೊತ್ತಿಗೆ ಅದು ನೋಡೋ ಮಣ್ಣು ಕಡಿಮೆ.

ಕಡಿಮೆ ಮಣ್ಣು ನೋಡೋದು ಒಳ್ಳೇದಾ? ನಮ್ಮ ಕಡೆ ಹೌದು. ಮಳೆ ನಿಂತ ಮೇಲೆ ಮೋರಿ ಪಕ್ಕದಲ್ಲಿ, ಇಳಿಜಾರಿನ ಕೊನೆಯಲ್ಲಿ ಕಪ್ಪು ಮರಳಿನ ಗೆರೆ ನಿಂತಿರುತ್ತೆ, ನೋಡಿದ್ದೀರಾ? ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಅದರೊಳಗೆ ಆಡಿಸಿ. ಗಡ್ಡ ಬೆಳೆದ ಹಾಗೆ ಮರಳು ಅಂಟಿಕೊಳ್ಳುತ್ತೆ. ಅದು ಮುಖ್ಯವಾಗಿ ಮ್ಯಾಗ್ನೆಟೈಟ್, ಕಬ್ಬಿಣದ ಒಂದು ಆಕ್ಸೈಡ್. ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ, ಶೂಲಗಿರಿ ಕಡೆಯ ಕೆಂಪು ಮಣ್ಣಿಗೆ ಆ ಕೆಂಪು ಬಣ್ಣ ಬಂದಿರೋದೂ ಕಬ್ಬಿಣದ ಆಕ್ಸೈಡಿನಿಂದಲೇ. ಹೀಗಾಗಿ ಇಲ್ಲಿ ಮಣ್ಣೇ ಡಿಟೆಕ್ಟರಿಗೆ ಸಂಕೇತ ಕೊಡುತ್ತೆ. ಹೆಚ್ಚು ಮಣ್ಣು ನೋಡೋ ಕಾನ್ಸೆಂಟ್ರಿಕ್ ಕಾಯಿಲ್ ಇಂಥ ಕಡೆ ಸುಮ್ಮನೆ ಗದ್ದಲ ಮಾಡುತ್ತೆ. ಡಬಲ್ ಡಿ ಸ್ವಲ್ಪ ಸಮಾಧಾನವಾಗಿರುತ್ತೆ. ಬೇರೆ ದೇಶದ ಮರಳಿನ ಕಡಲತೀರದಲ್ಲಿ ಯಾರೋ ಹೊಗಳಿದ ಕಾಯಿಲ್ ನಮ್ಮ ಊರಿಗೂ ಸರಿಹೋಗುತ್ತೆ ಅಂತ ಹೇಳೋಕಾಗಲ್ಲ.

ಸುತ್ತ ಏನಿದೆ ಅನ್ನೋದನ್ನ ಮರೆತರೆ ಏನಾಗುತ್ತೆ ಅನ್ನೋದಕ್ಕೆ 1881ರ ಕಥೆ ಕೇಳಿ. ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ತಗುಲಿ ದೇಹದೊಳಗೇ ಉಳೀತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅದನ್ನ ಹುಡುಕೋಕೆ ಸುರುಳಿಗಳ ಒಂದು ಯಂತ್ರ ಮಾಡಿಕೊಂಡು ಬಂದರು. ಯಂತ್ರ ಚೆನ್ನಾಗೇ ಇತ್ತು. ಆದರೆ ಅಧ್ಯಕ್ಷರು ಮಲಗಿದ್ದ ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗುಗಳಿದ್ದವು. ಡಾಕ್ಟರು ಹುಡುಕೋಕೆ ಬಿಟ್ಟದ್ದೂ ಗುಂಡು ಇದೆ ಅಂತ ಅವರು ನಂಬಿದ್ದ ಬಲಗಡೆ ಮಾತ್ರ, ಗುಂಡು ಇದ್ದದ್ದು ಬೇರೆ ಕಡೆ. ಗುಂಡು ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ಗಾರ್ಫೀಲ್ಡ್ ತೀರಿಕೊಂಡರು.

ಈಗ ಕಬ್ಬಿಣ ಬಿಡೋ ಬಟನ್. ಹೆಚ್ಚಿನ ಡಿಟೆಕ್ಟರುಗಳಲ್ಲಿ ಒಂದು ವ್ಯವಸ್ಥೆ ಇರುತ್ತೆ: ಕಬ್ಬಿಣ ಬಂದರೆ ಶಬ್ದ ಮಾಡಬೇಡ, ಬೇರೆ ಲೋಹಕ್ಕೆ ಮಾತ್ರ ಮಾಡು. ಕಬ್ಬಿಣ ತಾನೇ ಆಯಸ್ಕಾಂತದಂತಾಗೋದರಿಂದ ಅದರ ಉತ್ತರ ತಾಮ್ರ, ಬೆಳ್ಳಿಗಳ ಉತ್ತರಕ್ಕಿಂತ ಬೇರೆ ಹೊತ್ತಿಗೆ ಬರುತ್ತೆ, ಯಂತ್ರ ಆ ವ್ಯತ್ಯಾಸ ಗುರುತಿಸುತ್ತೆ. ಕಬ್ಬಿಣ ಅಂದ್ರೆ ಕಸ ಅಂತ ತೀರ್ಮಾನ ಮಾಡಿ ಈ ವ್ಯವಸ್ಥೆ ಇಟ್ಟಿದ್ದಾರೆ. ಒಂದು ರೂಪಾಯಿ ನಾಣ್ಯಕ್ಕೆ ಆಯಸ್ಕಾಂತ ಹಿಡಿದು ನೋಡಿ. ಅಂಟುತ್ತೆ! ಅದು ಒಂದು ಬಗೆಯ ಸ್ಟೀಲ್. ಬಟನ್ ಒತ್ತಿದ ಯಂತ್ರ ನಿಮ್ಮ ಜೇಬಿನ ರೂಪಾಯಿಯನ್ನೂ ಕಸದ ಲೆಕ್ಕಕ್ಕೆ ಸೇರಿಸಬಹುದು.

ರೂಪಾಯಿ ಹೋಗಲಿ ಬಿಡಿ. ನಮ್ಮ ಕೃಷ್ಣಗಿರಿ ಜಿಲ್ಲೆ ಇವತ್ತು ಪ್ರಪಂಚದ ವಿಜ್ಞಾನಿಗಳಿಗೆ ಗೊತ್ತಿರೋದು ಯಾವ ಲೋಹದಿಂದ? ಚಿನ್ನದಿಂದ ಅಲ್ಲ. ಬರ್ಗೂರು ಕಡೆಯ ಮಯಿಲಾಡುಂಪಾರೈ ಅನ್ನೋ ಊರಿನಲ್ಲಿ ತಮಿಳುನಾಡು ಪುರಾತತ್ವ ಇಲಾಖೆ 2021ರಲ್ಲಿ ಅಗೆತ ಮಾಡಿತು. ಅಲ್ಲಿನ ಕಬ್ಬಿಣದ ಕಾಲ ಕ್ರಿ.ಪೂ. 2172ರವರೆಗೂ ಹಿಂದಕ್ಕೆ ಹೋಗುತ್ತೆ ಅಂತ 2022ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ತಿಳಿಸಿದರು. ಸುಮಾರು 4200 ವರ್ಷ! 2025ರ ಜನವರಿಯಲ್ಲಿ ತೂತುಕುಡಿ ಜಿಲ್ಲೆಯ ಶಿವಗಲೈನಿಂದ ಇದಕ್ಕೂ ಹಿಂದಿನ ಕಾಲಮಾನಗಳು ಪ್ರಕಟವಾದವು. ಆದರೂ ಮಯಿಲಾಡುಂಪಾರೈ ಬಂದ ಮೇಲೇ ಎಲ್ಲರೂ ಹೊಸದಾಗಿ ಲೆಕ್ಕ ಹಾಕೋಕೆ ಶುರು ಮಾಡಿದ್ದು.

ಇಲ್ಲೇ ಇರೋದು ನಾನು ಹೇಳಬೇಕಾದ ಮುಖ್ಯ ವಿಷಯ. ಆ ಕಬ್ಬಿಣಕ್ಕೆ ವಯಸ್ಸು ಹೇಳಿದ್ದು ಅದರ ಜೊತೆಗಿದ್ದ ಇದ್ದಿಲು. ಇದ್ದಿಲಿನಲ್ಲಿ ಕಾರ್ಬನ್-14 ಅನ್ನೋ ಸಮಸ್ಥಾನಿ ಇರುತ್ತೆ, 5730 ವರ್ಷಕ್ಕೊಮ್ಮೆ ಅರ್ಧ ಆಗ್ತಾ ಬರುತ್ತೆ. ಎಷ್ಟು ಉಳಿದಿದೆ ಅಂತ ಎಣಿಸಿ ಕಾಲ ಹೇಳ್ತಾರೆ. ಮಾದರಿ ಸಿಕ್ಕಿದ್ದು ಒಂದು ಮೀಟರಿಗಿಂತ ಕೆಳಗೆ, ಪದರ ಪದರವಾಗಿ ಅಳತೆ ಬರೆದುಕೊಂಡು ಅಗೆದದ್ದರಿಂದ. ನಮ್ಮ ಡಿಟೆಕ್ಟರ್ ಅಲ್ಲಿಗೆ ಹೋಗಿದ್ದರೆ? ನಾಣ್ಯದಷ್ಟು ವಸ್ತು ಅಷ್ಟು ಆಳದಲ್ಲಿ ಅದಕ್ಕೆ ಕೇಳಿಸ್ತಾನೇ ಇರಲಿಲ್ಲ. ಸಾವಿರಾರು ವರ್ಷ ಮಣ್ಣಲ್ಲಿದ್ದ ಕಬ್ಬಿಣ ಬಹುಪಾಲು ತುಕ್ಕಾಗಿರುತ್ತೆ, ತುಕ್ಕಿನಲ್ಲಿ ಸುಳಿ ಪ್ರವಾಹ ಸರಿಯಾಗಿ ಹುಟ್ಟಲ್ಲ. ಇದ್ದಿಲಂತೂ ಲೋಹವೇ ಅಲ್ಲ. ಎಷ್ಟು ದೊಡ್ಡ ಕಾಯಿಲ್ ಹಾಕಿದರೂ ಅದು ‘ಬೀಪ್’ ಅನ್ನಲ್ಲ. ಬೀಪ್ ಬಂದ ಕಡೆ ಗುದ್ದಲಿ ಹಾಕಿದವನ ಕೈಗೆ ಒಂದು ತುಕ್ಕು ಹಿಡಿದ ತುಂಡು ಬರುತ್ತೆ, ಅದರ ವಯಸ್ಸು ಹೇಳೋ ಇದ್ದಿಲು ಮಣ್ಣಿನ ಗುಡ್ಡೆಯಲ್ಲಿ ಕಲಸಿಹೋಗುತ್ತೆ. ಮತ್ತೆ ಅದನ್ನ ಪದರಕ್ಕೆ ಸೇರಿಸೋಕೆ ಯಾವ ವಿಜ್ಞಾನಿಗೂ ಆಗಲ್ಲ.

ಅದಕ್ಕೇ ಪಾಂಡವರ ಮನೆ ಹತ್ರ ಬೇಡ ಅನ್ನೋದು. ಶೂಲಗಿರಿ ಹತ್ತಿರದ ಮಲ್ಲಚಂದ್ರಂ ಬೆಟ್ಟದಲ್ಲಿ ನಿಂತಿರೋ ಕಲ್ಮನೆಗಳು ಕಬ್ಬಿಣ ಯುಗದ ಜನ ಸತ್ತವರಿಗಾಗಿ ಕಟ್ಟಿದವು. ಪಾಂಡವರು ನಿಧಿ ಇಟ್ಟು ಹೋಗಿದ್ದಾರೆ ಅನ್ನೋ ಮಾತು ನಂಬಿ ಇಂಥ ಜಾಗಗಳನ್ನ ಅಗೆದು ಹಾಳು ಮಾಡಿದವರು ನಮ್ಮ ಸುತ್ತಮುತ್ತ ಕಡಿಮೆ ಇಲ್ಲ. ಕಾನೂನೂ ಇದೆ. 1878ರ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹುದುಗಿದ್ದು ಹತ್ತು ರೂಪಾಯಿಗಿಂತ ಬೆಲೆಬಾಳೋದು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಸಂರಕ್ಷಿತ ಸ್ಥಳದಲ್ಲಿ ಅನುಮತಿ ಇಲ್ಲದೆ ಅಗೆಯೋದು ಅಪರಾಧ. ಹೊಲ ಉಳುವಾಗ ಹಳೇ ಮಡಕೆ, ಕಬ್ಬಿಣದ ತುಂಡು, ಬರಹದ ಕಲ್ಲು ಸಿಕ್ಕರೆ ಇದ್ದಲ್ಲೇ ಬಿಡಿ, ಫೋಟೋ ತೆಗೆದು ನಿಮ್ಮ ಮೇಷ್ಟ್ರಿಗೆ ತೋರಿಸಿ. ಮುಂದಿನ ಜಾಗಕ್ಕೆ ತಿಳಿಸೋದು ನಮ್ಮ ಕೆಲಸ.

“ಹಾಗಾದ್ರೆ ಡಿಟೆಕ್ಟರ್ ಯಾಕೆ ಸಾರ್?” ಅಂತ ಕೇಳ್ತೀರಿ. ಶಾಲೆಯ ಆವರಣದಲ್ಲೇ ಬೇಕಾದಷ್ಟು ಕೆಲಸ ಇದೆ. ಹೆಡ್‌ಮಾಸ್ಟರ ಅನುಮತಿ ಪಡೆದು ಒಂದು ಮೂಲೆ ಆರಿಸಿಕೊಳ್ಳಿ. ಒಂದು ರೂಪಾಯಿ, ಹಳದಿ ಬಣ್ಣದ ಐದು ರೂಪಾಯಿ, ಕಬ್ಬಿಣದ ಮೊಳೆ, ಹಿತ್ತಾಳೆ ಬೀಗದ ಕೈ, ಸೋಡಾ ಮುಚ್ಚಳ, ಇವನ್ನ 5, 10, 15, 20 ಸೆಂ.ಮೀ. ಆಳದಲ್ಲಿ ಹೂತು ನಕ್ಷೆ ಬರೆದಿಡಿ. ನಕ್ಷೆ ನೋಡದ ಗೆಳೆಯನ ಕೈಗೆ ಡಿಟೆಕ್ಟರ್ ಕೊಡಿ. ಎಷ್ಟು ಸಿಕ್ಕಿತು, ಎಷ್ಟು ತಪ್ಪಿತು? ಮಳೆಗೆ ಮುಂಚೆ ಒಂದು ಸಲ, ನೆಲ ನೆನೆದ ಮೇಲೆ ಒಂದು ಸಲ ನೋಡಿ. ಕಬ್ಬಿಣದ ಬಟನ್ ಒತ್ತಿ ಮತ್ತು ಒತ್ತದೆ ನೋಡಿ. ಗ್ರಾಫ್ ಹಾಳೆಯ ಮೇಲೆ ಹಾಕಿ. ಕಳೆದುಹೋದ ಸೈಕಲ್ ಕೀ, ಕಬಡ್ಡಿ ಆಡುವಾಗ ಬಿದ್ದ ಕಿವಿಯೋಲೆ ಹುಡುಕಿಕೊಡೋದು ಮೇಲಿನ ಲಾಭ.

ಕೊನೆಗೊಂದು ಎಚ್ಚರಿಕೆ. ಒಂದು ಕಂಪನಿಯ ಕಾಯಿಲ್ ಇನ್ನೊಂದರ ಪೆಟ್ಟಿಗೆಗೆ ಸಾಮಾನ್ಯವಾಗಿ ಹೊಂದಲ್ಲ, ಪ್ಲಗ್ ಕೂತರೂ ಆವೃತ್ತಿ ಬೇರೆ ಇರಬಹುದು. ಆದ್ದರಿಂದ ಮೊದಲು ಮಧ್ಯಮ ಡಬಲ್ ಡಿ ಬರುವ ಯಂತ್ರ ಒಂದೇ ಕೊಳ್ಳೋಣ. ಒಂದು ವರ್ಷ ಅಳತೆಗಳನ್ನ ಬರೆದಿಡೋಣ. ಎರಡನೇ ಕಾಯಿಲ್ ಬೇಕೇ, ಬೇಕಾದರೆ ಸಣ್ಣದೋ ದೊಡ್ಡದೋ ಅನ್ನೋದನ್ನ ಆಗ ನೀವೇ ಹಾಕಿದ ಗ್ರಾಫ್ ನೋಡಿ ಹೇಳಿ. ಆ ಹಿಂದಿನ ಬೆಂಚಿನವರೇ ಮೊದಲು ಬಂದು ಹೇಳಿದರೆ ನನಗೆ ಇನ್ನೂ ಸಂತೋಷ.