ಹಂಚು ಹೋದರೆ ಪರಿಹಾರ ಎಷ್ಟು, ವಿಮೆ ಎಷ್ಟು?

ಕುರುಂದವಾಡ: ಪಂಚಗಂಗೆ ಉಕ್ಕಿದರೆ ಇಲ್ಲಿಯ ಜನ ಮೊದಲು ಕೇಳುವುದು ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ ನೀರು ಎಷ್ಟು ಅಡಿ ಅಂತ. ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟ್‌ನಲ್ಲಿ ಅದು 55 ಅಡಿ ದಾಟಿತು, 2021ರ ಜುಲೈನಲ್ಲಿ 56 ಅಡಿ ದಾಟಿತು. 2005ರ ಮಹಾಪೂರ ಕಂಡವರಿಗೂ ಈ ಎರಡು ವರ್ಷ ಮರೆಯುವಂಥವಲ್ಲ. ಮಣ್ಣಿನ ಗೋಡೆ ನೀರಾಗ ನಿಂತಾಗ ಬೀಳುವುದಕ್ಕಿಂತ ನೀರು ಇಳಿದ ಮೇಲೆ ಬೀಳುವುದು ಹೆಚ್ಚು. ಗೋಡೆ ಕುಸಿದರೆ ತೊಲೆ, ಹಂಚು, ಪತ್ರಾ ಎಲ್ಲ ಕೆಳಗೆ.

ಆಗ ಪಂಚನಾಮೆ ಆಗುತ್ತದೆ. ತಲಾಠಿ ಬರ್ತಾರೆ, ಬರಕೊಂಡು ಹೋಗ್ತಾರೆ (ಹುದ್ದೆಯ ಹೆಸರು ಬದಲಾಗಿದೆ, ಜನರ ಬಾಯಲ್ಲಿ ಇನ್ನೂ ತಲಾಠಿಯೇ). ಆದರೆ ಕೈಗೆ ಬರುವುದೆಷ್ಟು? 2022-23ರಿಂದ 2025-26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರದ ದರ ನೋಡಿ: ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಪಕ್ಕಾ ಮನೆಗೆ ಕನಿಷ್ಠ ಶೇ 15ರಷ್ಟು ಭಾಗಶಃ ಹಾನಿಯಾದರೆ 6,500, ಕಚ್ಚಾ ಮನೆಗೆ 4,000. ಗೋಡೆ ನಿಂತು ಮೇಲಿನ ಹಂಚಷ್ಟೇ ಹೋದರೆ ಅದು ಸಾಮಾನ್ಯವಾಗಿ ಭಾಗಶಃ ಹಾನಿಯ ಲೆಕ್ಕವೇ. 6,500 ರೂಪಾಯಿಗೆ ಬಡಿಗ್ಯಾನ ಕೂಲಿಯೂ ಮುಗಿಯುವುದಿಲ್ಲ.

ದೊಡ್ಡ ಪೂರ ಬಂದ ವರ್ಷ ಸರಕಾರ ಮೇಲೆ ಸ್ವಲ್ಪ ಹಾಕುತ್ತದೆ, ನಿಜ. 2021ರಲ್ಲಿ ಮಹಾರಾಷ್ಟ್ರ ವಿಶೇಷ ದರ ಘೋಷಿಸಿತ್ತು. 2019ರಲ್ಲಿ ಕರ್ನಾಟಕ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ಅದೇ ಕೃಷ್ಣೆ, ಅದೇ ನೀರು. ಗಡಿಯ ಆಚೆ ಇರುವ ಬೀಗರಿಗೆ ಒಂದು ಲೆಕ್ಕ, ಈಚೆ ಇರುವ ನಮಗೆ ಇನ್ನೊಂದು. ಇದು ಆ ವರ್ಷದ ಸರಕಾರದ ಮನಸ್ಸು, ಹಕ್ಕಲ್ಲ. ಆಲಮಟ್ಟಿಯ ಎತ್ತರದ ವಾದ ನಡೆದೇ ಇರುತ್ತದೆ, ಅಷ್ಟರಲ್ಲಿ ಮನೆ ಮೇಲೆ ತಾಡಪತ್ರಿ ಹೊದಿಸಿಕೊಂಡು ಕೂಡುವವರು ನಾವು.

ಹಕ್ಕಿನಿಂದ ಕೇಳಬಹುದಾದ್ದು ವಿಮೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಮನೆ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ ಎಲ್ಲವೂ ಇದರಲ್ಲಿವೆ. ಮನೆಯ ಕಾರ್ಪೆಟ್ ಏರಿಯಾವನ್ನು ಈಗಿನ ಕಟ್ಟಡದ ದರಕ್ಕೆ ಗುಣಿಸಿದರೆ ವಿಮೆಯ ಮೊತ್ತ ಬರುತ್ತದೆ. 600 ಚದರಡಿ, ಅಡಿಗೆ 1,500 ಅಂದರೆ 9 ಲಕ್ಷ. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ.

ಮೊದಲಿನ ಪಾಲಿಸಿಯಲ್ಲಿ ಒಂದು ಗುಮ್ಮ ಇತ್ತು. 9 ಲಕ್ಷದ ಮನೆಗೆ ಕಂತು ಉಳಿಸಲು ನಾಲ್ಕೂವರೆ ಲಕ್ಷದ ವಿಮೆ ಮಾಡಿಸಿದ್ದರೆ, 1,80,000ದ ಚಾವಣಿಗೆ ಅರ್ಧ, ಅಂದರೆ 90,000 ಮಾತ್ರ. ಹೊಸ ಪಾಲಿಸಿಯಲ್ಲಿ ಈ ಕಡಿತ ಇಲ್ಲ. ಹಂಚು ಮೂವತ್ತು ವರ್ಷದ್ದು ಅಂತ ಸವಕಳಿಯನ್ನೂ ಹಿಡಿಯುವುದಿಲ್ಲ. ಮತ್ತೆ ಹಾಕಿಸುವ ಖರ್ಚೇ ಲೆಕ್ಕ. ಅವಶೇಷ ತೆಗೆಸುವುದಕ್ಕೆ ಕ್ಲೇಮಿನ ಶೇ 2ರವರೆಗೆ ಬೇರೆ.

ಆದರೆ ಹಳೆಯದಾಗಿ ಸೋರುವ ಮಾಳಿಗೆಗೆ ಯಾವ ಕಂಪನಿಯೂ ಕೊಡುವುದಿಲ್ಲ. ಸರ್ವೇಯರ್ ಬಂದು ನೋಡುವುದು 'ಏನಾಗಿ ಬಿತ್ತು' ಅಂತ. ಗಾಳಿಗೆ ಹಾರಿತು, ನೆರೆಗೆ ಕುಸಿಯಿತು ಅಂದರೆ ವಿಮೆ. ಗೆದ್ದಲು ತಿಂದ ಜಂತಿ ಮುರಿದರೆ ಅದು ಸವೆತ. ಗೆದ್ದಲು ಹತ್ತಿದ ಜಂತಿ ನೆರೆಯಲ್ಲೇ ಮುರಿದಾಗ ತಕರಾರು. ಅದಕ್ಕೇ ಮೃಗಶಿರಾ ಮಳೆಗೆ ಮೊದಲು ಒಳಗೂ ಹೊರಗೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟಿರಿ. ಬಿದ್ದ ಮೇಲೆ ಕೂಡಲೇ ಕಂಪನಿಗೆ ತಿಳಿಸಿ, ಸರ್ವೇಯರ್ ಬರುವವರೆಗೆ ಅವಶೇಷ ಸಾಗಿಸಬೇಡಿ. ಹುಲ್ಲು, ಗರಿ, ಬಿದಿರು, ತಾಡಪತ್ರಿಯ ಚಾವಣಿ ಕಚ್ಚಾ ಲೆಕ್ಕಕ್ಕೆ ಬರುತ್ತದೆ. ಅರ್ಜಿಯಲ್ಲಿ ಮುಚ್ಚಿಟ್ಟರೆ ಮುಂದೆ ಕ್ಲೇಮೇ ಹೋಗಬಹುದು.

ಮನೆಸಾಲ ಇದ್ದವರು ಬ್ಯಾಂಕಿನಲ್ಲಿ ಇನ್ನೊಂದು ಕೇಳಬೇಕು. 'ವಿಮೆ ಬ್ಯಾಂಕೇ ಮಾಡಿಸೇತಿ' ಅನ್ನುವವರು ಬಹಳ. ಅದು ಸಾಲದ ಮೊತ್ತಕ್ಕೋ, ಮನೆಯ ಪೂರ್ತಿ ಖರ್ಚಿಗೋ? ಹಣ ಬಂದರೆ ಮೊದಲ ಹಕ್ಕು ಬ್ಯಾಂಕಿನದು.

ನಮ್ಮ ಮನೆತನಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಡಚಣಿ ಹೆಸರಿನದು. ಘರಫಾಳಾ ಪಾವತಿ ಇನ್ನೂ ಅಜ್ಜನ ಹೆಸರಿಗೆ, ಸಿಟಿ ಸರ್ವೇ ಉತಾರದಲ್ಲಿ ನಾಲ್ಕು ಮಂದಿ ಅಣ್ತಮ್ಮರು, ಒಬ್ಬರು ಇಚಲಕರಂಜಿಯಲ್ಲಿ, ಒಬ್ಬರು ನಿಪ್ಪಾಣಿಯಲ್ಲಿ. ಮನೆಯಲ್ಲಿ ಇರುವವ ತನ್ನೊಬ್ಬನ ಹೆಸರಿಗೆ ಪಾಲಿಸಿ ತಗೊಂಡರೆ, ಕ್ಲೇಮಿನ ದಿನ ಮನೆ ಯಾರದು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ವಾರಸಾ ನೋಂದ ಮೊದಲು ಮಾಡಿಸಿ, ಉತಾರದಲ್ಲಿರುವ ಹೆಸರುಗಳನ್ನೆಲ್ಲ ಅರ್ಜಿಯಲ್ಲಿ ಬರೆಸಿ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಆದ್ದರಿಂದ ದೀಪಾವಳಿಗೆ ಅಣ್ತಮ್ಮರು ಕೂಡಿದಾಗಲೇ ಸಹಿ ಹಾಕಿಸಿಕೊಳ್ಳುವುದು ಲೇಸು. ಘಾಟಿನ ಮೆಟ್ಟಿಲು ಮುಳುಗಿದ ಮೇಲೆ ಏಜೆಂಟರನ್ನು ಹುಡುಕಿದರೆ ಆ ವರ್ಷದ ಹಾನಿಗೆ ಅದು ಒದಗುವುದಿಲ್ಲ.