ಕಮಾನು ಪಟ್ಟಿ ಹೆಚ್ಚಿಸಿದರೆ ಲಾರಿಯ ತಾಕತ್ತು ಹೆಚ್ಚೋದಿಲ್ಲ

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಮುಧೋಳ, ಜಮಖಂಡಿ ಕಡೆ ಗ್ಯಾರೇಜುಗಳಿಗೆ ಬಿಡುವಿಲ್ಲ. ಹಳೆ ಲಾರಿ ತಂದ ಮಾಲೀಕರದು ಹೆಚ್ಚಾಗಿ ಒಂದೇ ಮಾತು: “ಮಿಸ್ತ್ರಿ, ಹಿಂದಿನ ಕಮಾನಿಗೆ ಇನ್ನೆರಡು ಪಟ್ಟಿ ಹಾಕ್ರಿ, ಈ ಸಲ ಲೋಡ್ ಜಾಸ್ತಿ ಐತಿ.” ಕೆಲವರು ಗುಜರಿಯಿಂದ ದೊಡ್ಡ ಗಾಡಿಯ ಆಕ್ಸಲ್ಲನ್ನೇ ತಂದು ಕೂರಿಸುತ್ತಾರೆ.

ನೇರವಾಗಿ ಹೇಳುತ್ತೇನೆ. ಇದರಿಂದ ಲಾರಿಯ ಹಿಂಭಾಗ ಕುಸಿಯುವುದು ನಿಲ್ಲುತ್ತದೆ, ಅಷ್ಟೇ. ಹೆಚ್ಚಾದ ಭಾರ ಕಣ್ಣಿಗೆ ಕಾಣದಂತಾಗುತ್ತದೆ. ಭಾರ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ.

ಕಮಾನಿನ ಕೆಲಸ ಬಾಗುವುದು. ಗುಂಡಿಗೆ ಬಿದ್ದ ಪೆಟ್ಟನ್ನು ಅದು ಬಾಗಿ ನುಂಗುತ್ತದೆ. ಪಟ್ಟಿ ಹೆಚ್ಚಿದಷ್ಟೂ ಕಮಾನು ಬಿರುಸಾಗುತ್ತದೆ, ಪೆಟ್ಟು ನೇರವಾಗಿ ಚಾಸಿಗೆ ಹೋಗುತ್ತದೆ. ಖಾಲಿ ಬರುವಾಗ ಗಾಡಿ ಕುಣಿಯುತ್ತದೆ, ಬ್ರೇಕ್ ಒತ್ತಿದರೆ ಹಿಂದಿನ ಗಾಲಿ ಜಾರುತ್ತದೆ. ಲೋಡ್ ಇದ್ದಾಗ ಹಬ್ ಬೇರಿಂಗ್, ಟೈರು, ಸ್ಟೇರಿಂಗು ಎಲ್ಲವೂ ತಮ್ಮ ಅಳತೆ ಮೀರಿ ದುಡಿಯಬೇಕು. ಎಲ್ಲಕ್ಕಿಂತ ದೊಡ್ಡ ಚಿಂತೆ ಬ್ರೇಕಿನದು. ಪಟ್ಟಿ ಸೇರಿಸಿದ ಮಿಸ್ತ್ರಿ ಬ್ರೇಕ್ ಡ್ರಮ್ ದೊಡ್ಡದು ಮಾಡಿರುವುದಿಲ್ಲ. ಇಳಿಜಾರಿನಲ್ಲಿ ಡ್ರಮ್ ಕಾದರೆ ಲೈನರ್ ಹಿಡಿತ ಬಿಡುತ್ತದೆ. ಆಗ ಮುಂದೆ ಬೈಕಿನಲ್ಲಿ ಹೋಗುತ್ತಿರುವವರು ನಮ್ಮೂರಿನವರೇ ಆಗಿರುತ್ತಾರೆ.

ಆಕ್ಸಲ್ ಬದಲಿಸುವುದು ಇನ್ನೂ ತೊಡಕು. ಕಮಾನು ಕೂರುವ ಜಾಗದ ಅಗಲ, ಗಾಲಿಯ ಬೋಲ್ಟ್, ಜಾಯಿಂಟ್ ಶಾಫ್ಟಿನ ಉದ್ದ, ಡಿಫರೆನ್ಶಿಯಲ್ ಹಲ್ಲಿನ ಲೆಕ್ಕ ಎಲ್ಲವೂ ಹೊಂದಬೇಕು. ಹೊಂದದಿದ್ದಲ್ಲಿ ವೆಲ್ಡಿಂಗ್ ಮಾಡಿ, ತೂತು ಕೊರೆದು ಕೂರಿಸುತ್ತಾರೆ. ಚಾಸಿ ಬಿರುಕು ಬಿಡಲು ಆ ತೂತೊಂದೇ ಸಾಕು.

“ಸರ್ಕಾರವೇ ಮಿತಿ ಏರಿಸಿದೆಯಲ್ಲ” ಎನ್ನುವವರಿದ್ದಾರೆ. ನಿಜ, 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಎರಡು ಆಕ್ಸಲ್ ಲಾರಿಯ ಒಟ್ಟು ತೂಕವನ್ನು 16.2 ಟನ್‌ನಿಂದ 18.5 ಟನ್‌ಗೆ ಏರಿಸಿತು. ಆದರೆ ಗ್ಯಾರೇಜಿನಲ್ಲಿ ಪಟ್ಟಿ ಹಾಕಿಸಿದ ಮಾತ್ರಕ್ಕೆ ನಿಮ್ಮ ಆರ್‌ಸಿಯ ಅಂಕಿ ಬದಲಾಗುವುದಿಲ್ಲ. ದಾರಿಯಲ್ಲಿ ತಡೆದವರು ನೋಡುವುದು ಆರ್‌ಸಿಯನ್ನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸುವಂತಿಲ್ಲ. ಓವರ್‌ಲೋಡಿಗೆ 194ನೇ ಕಲಂ ಇದೆ: 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ನಾಲ್ಕು ಟನ್ ಹೆಚ್ಚಿದ್ದರೆ 28,000 ಆಯಿತು. ಹೆಚ್ಚುವರಿ ಮಾಲು ಇಳಿಸುವ ಖರ್ಚೂ ನಿಮ್ಮದೇ. ಅಪಘಾತವಾದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ದಾರಿ ಮಾಡಿಕೊಟ್ಟಂತೆಯೇ.

ರಸ್ತೆಯ ಲೆಕ್ಕವನ್ನೂ ನೋಡಿ. ಆಕ್ಸಲ್ ಮೇಲಿನ ಭಾರ ಒಂದೂವರೆ ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಐದು ಪಟ್ಟಾಗುತ್ತದೆ ಎಂಬುದು ರಸ್ತೆ ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಲೆಕ್ಕ. ಹಂಗಾಮು ಮುಗಿದ ಮೇಲೆ ಅದೇ ಕಿತ್ತುಹೋದ ರಸ್ತೆಯಲ್ಲಿ ಬಸುರಿ ಹೆಣ್ಣುಮಗಳನ್ನು ಆಸ್ಪತ್ರೆಗೆ ಒಯ್ಯಬೇಕಾದವರೂ ನಾವೇ.

ಹಾಗಾದರೆ ಹಳೆ ಗಾಡಿಯವರು ಏನು ಮಾಡಬೇಕು? ಸವೆದದ್ದನ್ನು ಕಂಪನಿಯ ಅಳತೆಗೆ ಮರಳಿ ತನ್ನಿ. ಕುಸಿದ ಕಮಾನಿಗೆ ಅಷ್ಟೇ ಪಟ್ಟಿಗಳ ಹೊಸ ಸೆಟ್ ಹಾಕಿಸಿ, ಎರಡೂ ಬದಿಗೆ ಒಟ್ಟಿಗೆ. ಮುರಿದ ಪಟ್ಟಿಯನ್ನು ವೆಲ್ಡ್ ಮಾಡಿಸಬೇಡಿ. ಕಾಯಿಸಿ ಹದಮಾಡಿದ ಉಕ್ಕು ಅದು, ಬೆಸೆದ ಜಾಗದ ಹತ್ತಿರವೇ ಮತ್ತೆ ಮುರಿಯುತ್ತದೆ. ಯು-ಬೋಲ್ಟ್ ಹೊಸದಿರಲಿ, ಲೋಡಿನಲ್ಲಿ ಕೆಲವು ದಿನ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ. ಪಟ್ಟಿಗೆ ಇಟ್ಟ ದುಡ್ಡಿನಲ್ಲಿ ಮೊದಲು ಬ್ರೇಕ್ ಲೈನರ್, ಹಬ್ ಬೇರಿಂಗ್ ನೋಡಿಸಿ.

ಇಷ್ಟು ಹೇಳಿ ತಪ್ಪನ್ನೆಲ್ಲ ಲಾರಿ ಮಾಲೀಕರ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಬಾಡಿಗೆ ಸಿಗುವುದು ಟನ್ ಲೆಕ್ಕದಲ್ಲಿ. ಡೀಸೆಲ್, ಟೈರು, ಸಾಲದ ಕಂತು ಕಳೆದರೆ ನ್ಯಾಯದ ಲೋಡಿನಲ್ಲಿ ಎಷ್ಟು ಉಳಿಯುತ್ತದೆ ಎಂದು ಯಾವ ಮಾಲೀಕರನ್ನು ಕೇಳಿದರೂ ಹೇಳುತ್ತಾರೆ. ಪ್ರತಿ ಗಾಡಿಯೂ ಕಾರ್ಖಾನೆಯ ತೂಕದ ಕಾಟಾ ಮೇಲೆ ನಿಂತೇ ಒಳಗೆ ಹೋಗುತ್ತದೆ. ಯಾವ ಗಾಡಿ ಎಷ್ಟು ಹೊತ್ತು ತಂದಿತು ಎಂಬುದು ಅಲ್ಲಿನ ಚೀಟಿಯಲ್ಲೇ ಇರುತ್ತದೆ. 194ನೇ ಕಲಂ ಓಡಿಸಿದವರನ್ನಷ್ಟೇ ಹಿಡಿಯುವುದಿಲ್ಲ, ಓಡಿಸಲು ಕಾರಣರಾದವರನ್ನೂ ಹಿಡಿಯುತ್ತದೆ. ಹೆದ್ದಾರಿಯಲ್ಲಿ ಚಾಲಕನನ್ನು ತಡೆಯುವ ಅಧಿಕಾರಿಗಳು ಒಮ್ಮೆ ಆ ಚೀಟಿಗಳನ್ನೂ ತೆರೆದು ನೋಡಲಿ. ಈ ಹಂಗಾಮಿನ ದರ ಮಾತಾಡುವಾಗ ಆರ್‌ಸಿ ಮಿತಿಯ ಲೋಡಿಗೇ ಮನೆ ನಡೆಯುವಂಥ ಬಾಡಿಗೆ ಕೇಳಿ. ಒಬ್ಬರೇ ಹೋದರೆ ಆಗದ ಮಾತು ಇದು, ಊರಿನ ಗಾಡಿಯವರೆಲ್ಲ ಕೂಡಿಯೇ ಹೋಗಿ.