ದ್ವೀಪದ ಬಾವಿಯೂ ಇಂಗ್ಲಿಷ್ ಪಾಠವೂ

ಮಾಲ್ದೀವ್ಸಿನ ದಿವೇಹಿ ಭಾಷೆಯಿಂದ ಇಂಗ್ಲಿಷಿಗೆ ಹೋದ ಪದಗಳು ಬಲು ಕಡಮೆ. ಅವುಗಳಲ್ಲಿ ಒಂದು ಮಾತ್ರ ಜಗತ್ತಿನ ಭೂಗೋಳ ಪುಸ್ತಕಗಳಲ್ಲೆಲ್ಲ ಸೇರಿಹೋಗಿದೆ. ಅದು 'ಅಟಾಲ್'. ನಡುವೆ ಕಡಲ ಕೊಳವೊಂದನ್ನಿಟ್ಟುಕೊಂಡು ಉಂಗುರದಂತೆ ಹಬ್ಬಿರುವ ಹವಳದ ದಿಬ್ಬಕ್ಕೆ ಆ ಹೆಸರು. ಹವಳದ ದಿಬ್ಬಗಳ ರಚನೆಯನ್ನು ಕುರಿತು ಡಾರ್ವಿನ್ 1842ರಲ್ಲಿ ಪ್ರಕಟಿಸಿದ ಗ್ರಂಥದ ಅನಂತರ ಅದು ವಿಜ್ಞಾನದ ಪದವಾಗಿ ನೆಲೆನಿಂತಿತು. ಇಂದು ಹೊರನಾಡಿನ ತರುಣನೊಬ್ಬನು ಅಲ್ಲಿನ ಪುಟ್ಟ ದ್ವೀಪವೊಂದಕ್ಕೆ ಹೋಗಿ, ಅದೇ ಪದವನ್ನು ಕರಿಹಲಗೆಯ ಮೇಲೆ ಬರೆದು, ಇಂಗ್ಲಿಷ್ ಪದವೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದನೆಂದರೆ, ಸಾಲ ತಂದ ಹೊನ್ನನ್ನು ಸಾಲ ಕೊಟ್ಟವನಿಗೇ ದಾನವೆಂದು ನೀಡಿದಂತಾಗುವುದಿಲ್ಲವೆ?

ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಲಾಭದ ಉದ್ದೇಶವಿಲ್ಲದೆ, ಇಂಗ್ಲಿಷ್ ಬೋಧನೆಯನ್ನೂ ಪರಿಸರ ಶಿಕ್ಷಣವನ್ನೂ ಒಟ್ಟಿಗೆ ಕೈಗೊಂಡಿರುವ ಸೇವಾಸಂಸ್ಥೆಗಳು ಹಲವು ದ್ವೀಪಗಳಲ್ಲಿವೆ. ಮಾಲ್ದೀವ್ಸಿನ ನೈಫರು ದ್ವೀಪದ 'ನೈಫರು ಜುವೆನೈಲ್' ಎಂಬ ಸಂಸ್ಥೆ ಕಡಲಾಮೆಗಳ ಆರೈಕೆ ಮಾಡುವ ಕೇಂದ್ರವೊಂದನ್ನು ಕಟ್ಟಿದೆ. ಹೊರಗಿನಿಂದ ಸ್ವಯಂಸೇವಕರನ್ನು ಬರಮಾಡಿಕೊಳ್ಳುತ್ತದೆ. ಇಂಥ ಸಂಸ್ಥೆಗಳನ್ನು ನಡೆಸುವವರ ಪಾಡು ಸುಲಭವಾದುದಲ್ಲ. ತಂದೆತಾಯಿಗಳು ಮಕ್ಕಳನ್ನು ಕಳುಹಿಸುವುದು ಇಂಗ್ಲಿಷಿಗಾಗಿ. ಪ್ರವಾಸಿಗಳ ವಸತಿಗೃಹಗಳಲ್ಲಿ ಕೆಲಸ ದೊರೆಯಬೇಕಾದರೆ ಅದು ಬೇಕು. ಸ್ವಯಂಸೇವಕರು ಬರುವುದು ಕಡಲಿಗಾಗಿ. ಕೆಲವು ವಾರವಿದ್ದು ಹೊರಟುಹೋಗುವರು. ಇವೆರಡರ ನಡುವೆ ಸಂಸ್ಥೆಯನ್ನು ವರ್ಷಗಟ್ಟಲೆ ಹೊತ್ತು ನಡೆಸುವವರು ಊರಿನ ಕೆಲವೇ ಜನ. ಅವರ ಶ್ರದ್ಧೆಯನ್ನು ಕುರಿತು ನನಗೆ ಗೌರವವಿದೆ. ಆದರೂ ಅವರೊಡನೆ ಒಂದು ಮಾತನ್ನು ವಾದಿಸಬೇಕೆನಿಸುತ್ತದೆ. ಪರಿಸರವನ್ನು ಇಂಗ್ಲಿಷ್ ಪದಗಳ ಪಟ್ಟಿಯನ್ನಾಗಿ ಮಾಡುವುದು ಸಲ್ಲದು. ದ್ವೀಪದ ಮಗು ತನ್ನ ಕಾಲ ಕೆಳಗಿನ ನೆಲವನ್ನು ಮೊದಲು ಅಳೆಯಲಿ, ಇಂಗ್ಲಿಷು ಆ ಅಳತೆಯ ಬೆನ್ನು ಹಿಡಿದು ಬರಲಿ.

ಅಲ್ಲಿ ಅಳೆಯತಕ್ಕದ್ದು ಏನಿದೆ ಎಂದು ವಾಚಕರು ಕೇಳಬಹುದು. ಬಾವಿಯಿದೆ. ಹವಳದ ಮರಳಿನಿಂದಾದ ಇಂಥ ದ್ವೀಪ ಕಡಲಮಟ್ಟಕ್ಕಿಂತ ಒಂದೆರಡು ಮೀಟರಷ್ಟೇ ಎತ್ತರ. ನದಿಯಿಲ್ಲ, ಕೆರೆಯಿಲ್ಲ. ಸುತ್ತಲೂ ಉಪ್ಪುನೀರು, ಆದರೂ ಅಂಗಳದಲ್ಲಿ ಬಾವಿ ತೋಡಿದರೆ ಸಿಹಿನೀರು ಸಿಕ್ಕುತ್ತದೆ. ಇದು ಹೇಗೆ? ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತದೆ. ಎರಡರ ಸಾಂದ್ರತೆಯೂ ಬೇರೆ. ಒಂದು ಲೀಟರ್ ಸಿಹಿನೀರು ಸುಮಾರು 1,000 ಗ್ರಾಂ ತೂಗಿದರೆ, ಕಡಲ ನೀರು 1,025 ಗ್ರಾಂ ತೂಗುವುದು. ಈ 25 ಗ್ರಾಂ ವ್ಯತ್ಯಾಸವೇ ದ್ವೀಪದ ಜೀವಾಳ. ಸಿಹಿನೀರು ಕಡಲಮಟ್ಟಕ್ಕಿಂತ ಎಷ್ಟು ಮೇಲೆ ನಿಂತಿದೆಯೋ ಅದರ ನಲವತ್ತು ಪಾಲು ಆಳಕ್ಕೆ ಕೆಳಗೂ ಇಳಿದಿರುತ್ತದೆ. ಡಚ್ ದೇಶದ ಬಾಡೊನ್ ಗೈಬೆನ್ ಹಾಗೂ ಜರ್ಮನಿಯ ಹೆರ್ಜ್‌ಬರ್ಗ್ ಎಂಬವರು ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ತೊಡಗುವ ಕಾಲದಲ್ಲಿ, ಒಬ್ಬರನ್ನೊಬ್ಬರು ಅವಲಂಬಿಸದೆ, ಕಂಡುಕೊಂಡ ನಿಯಮ ಇದು. ಮೇಲೆ 10 ಸೆಂಟಿಮೀಟರ್ ಇದ್ದರೆ ಕೆಳಗೆ 4 ಮೀಟರ್. ಪಂಪು ಹಾಕಿ ನೀರೆಳೆದು ಮೇಲಿನ ಮಟ್ಟವನ್ನು 5 ಸೆಂಟಿಮೀಟರ್ ತಗ್ಗಿಸಿದಿರೋ, ಕಾಲಕ್ರಮದಲ್ಲಿ ಕೆಳಗಿನಿಂದ ಉಪ್ಪುನೀರು 2 ಮೀಟರ್ ಮೇಲೇರುವುದು. ವಾಸ್ತವದಲ್ಲಿ ಎರಡು ನೀರೂ ಬೆರೆಯುವ ಪದರವೊಂದು ನಡುವೆ ಇರುವುದರಿಂದ ಲೆಕ್ಕ ಇಷ್ಟು ಚೊಕ್ಕವಾಗಿರುವುದಿಲ್ಲ. ಇನ್ನೂ ಬೇಗ ಕೆಡುತ್ತದೆ.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಡಲು ಮೇಲಿನಿಂದಲೇ ನುಗ್ಗಿ ಅನೇಕ ದ್ವೀಪಗಳ ಬಾವಿಗಳನ್ನು ಉಪ್ಪಾಗಿಸಿತು. ರಾಜಧಾನಿ ಮಾಲೆಯಂತೂ ಯಂತ್ರದಿಂದ ಕಡಲ ನೀರಿನ ಉಪ್ಪು ತೆಗೆದೇ ಬದುಕುತ್ತಿದೆ. 2014ರ ಡಿಸೆಂಬರಿನಲ್ಲಿ ಆ ಸ್ಥಾವರಕ್ಕೆ ಬೆಂಕಿ ತಗುಲಿದಾಗ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ನೀರಿಲ್ಲದೆ ಹೋಯಿತು. ನಮ್ಮ ದೇಶದಿಂದ ವಿಮಾನಗಳಲ್ಲಿಯೂ ಹಡಗಿನಲ್ಲಿಯೂ ಕುಡಿಯುವ ನೀರು ಹೋಯಿತು.

ಈಗ ಹೇಳಿ, 'ಸಾಂದ್ರತೆ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುವರೆಂಬುದನ್ನು ಮಾತ್ರ ಬಲ್ಲ ಮಗುವಿಗೆ ತನ್ನ ಮನೆಯ ಬಾವಿ ಏಕೆ ಉಪ್ಪಾಯಿತೆಂಬುದು ತಿಳಿದೀತೆ? ನನ್ನ ಅನುಭವವನ್ನೇ ಹೇಳುವುದಾದರೆ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಕಾಲೇಜಿಗೆ ಬಂದವನು ನಾನು. ಅಲ್ಲಿ ಆ ಪದದ ಇಂಗ್ಲಿಷ್ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸಿ ಅಂಕ ಪಡೆದೆ. ಅಡುಗೆಮನೆಯಲ್ಲಿ ನೀರಿನ ಮೇಲೆ ಎಣ್ಣೆ ತೇಲುವುದೂ ಅದೇ ಮಾತೆಂಬುದು ಹೊಳೆದದ್ದು ಎರಡು ವರ್ಷಗಳ ತರುವಾಯ!

ಹಾಗಾದರೆ ಇಂಗ್ಲಿಷ್ ಬೇಡವೆ? ಬೇಕು, ವಸತಿಗೃಹದ ಕೆಲಸಕ್ಕಷ್ಟೇ ಅಲ್ಲ. ಬಂದರು ತೋಡುವುದು, ಕಡಲನ್ನು ತುಂಬಿ ನೆಲ ಮಾಡುವುದು ಮೊದಲಾದ ಯೋಜನೆಗಳ ಪರಿಣಾಮವನ್ನು ಪರಿಶೀಲಿಸಿ ತಜ್ಞರು ಬರೆಯುವ ದೊಡ್ಡ ವರದಿಗಳು ಅಲ್ಲಿ ಇಂಗ್ಲಿಷಿನಲ್ಲಿರುತ್ತವೆ. ತನ್ನ ಊರಿನ ದಿಬ್ಬವನ್ನು ಕುರಿತು ಏನು ಬರೆದಿದ್ದಾರೆಂದು ಓದಲು ಬಾರದವನು ಪರಾಧೀನನೇ ಸರಿ. ಆದರೆ 2011ರಿಂದ ಚುನಾಯಿತವಾಗಿ ಬರುತ್ತಿರುವ ದ್ವೀಪ ಸಮಿತಿಗಳಲ್ಲಿ ಊರಿನವರು ವಾದಿಸುವುದು ದಿವೇಹಿಯಲ್ಲಿ. ವರದಿಯನ್ನು ಒಂದು ಭಾಷೆಯಲ್ಲಿ ಓದಿ, ಸಭೆಯಲ್ಲಿ ಇನ್ನೊಂದರಲ್ಲಿ ಎದ್ದುನಿಂತು ಹೇಳಬಲ್ಲ ತರುಣನು ಬೇಕಾಗಿದ್ದಾನೆ. ಕಡಲಿನ ವಿಷಯವೆಲ್ಲ ಇಂಗ್ಲಿಷಿನಲ್ಲಿ, ಮನೆಯ ಮಾತೆಲ್ಲ ದಿವೇಹಿಯಲ್ಲಿ ಎಂದು ಬೇರ್ಪಡಿಸಿದ ಪಾಠಶಾಲೆ ಅವನನ್ನು ತಯಾರುಮಾಡಲಾರದು.

ದಿವೇಹಿಯಲ್ಲಿ ವಿಜ್ಞಾನಕ್ಕೆ ಬುಡವಿಲ್ಲವೆಂದೂ ಭಾವಿಸಬೇಕಾಗಿಲ್ಲ. ಅಲ್ಲಿನ ಬೆಸ್ತರು ವರ್ಷವನ್ನು ಹದಿಮೂರು ಹದಿನಾಲ್ಕು ದಿನಗಳ 'ನಕೈ'ಗಳಾಗಿ ವಿಂಗಡಿಸಿ, ಗಾಳಿ, ಮಳೆ, ಮೀನುಗಳ ಬರವನ್ನು ಗುರುತಿಟ್ಟುಕೊಂಡು ಬಂದಿದ್ದಾರೆ. ಏಪ್ರಿಲಿನಲ್ಲಿ ಬರುವುದು 'ಅಸ್ಸಿದ', ಆಮೇಲೆ 'ಬುರುನು', 'ಕೆತಿ', 'ರೋಣು'. ನಮ್ಮ ರೈತನಿಗೆ ಇವು ಅಪರಿಚಿತವೆ? ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ! ಅದೇ ನಕ್ಷತ್ರಗಳು, ಅದೇ ಮಳೆಯ ಲೆಕ್ಕ. ಈ ಲೆಕ್ಕ ಈಗಲೂ ಸರಿಬರುತ್ತಿದೆಯೆ ಎಂಬುದು ಬಹು ಒಳ್ಳೆಯ ವೈಜ್ಞಾನಿಕ ಪ್ರಶ್ನೆ. ಅದನ್ನು ಕೇಳತಕ್ಕ ಯೋಗ್ಯತೆ ಇರುವುದು ಅಜ್ಜನಿಂದ ನಕೈಗಳನ್ನು ಕಲಿತ ಮಗುವಿಗೆ.

ಆದುದರಿಂದ ಸಂಸ್ಥೆ ನಡೆಸುವವರಲ್ಲಿ ನನ್ನದೊಂದು ಸೂಚನೆ. ಪ್ರತಿಯೊಂದು ಮಗುವಿನ ಕೈಗೂ ಗುರುತು ಹಾಕಿದ ಕೋಲೊಂದನ್ನು ಕೊಡಿ. ಭರತದಲ್ಲೊಮ್ಮೆ, ಇಳಿತದಲ್ಲೊಮ್ಮೆ ಬಾವಿಯ ಮಟ್ಟವನ್ನು ಅಳೆಯಲಿ. ಮಳೆಯ ನೀರನ್ನೂ, ಬಾವಿಯ ನೀರನ್ನೂ, ಕಡಲ ನೀರನ್ನೂ ಒಂದೇ ಅಳತೆಯಲ್ಲಿ ತೆಗೆದುಕೊಂಡು ತೂಗಿ, ಯಾವುದು ಹಗುರ, ಯಾವುದು ಭಾರವೆಂದು ನೋಡಲಿ. ಪುಸ್ತಕದ ಎಡಪುಟದಲ್ಲಿ ದಿವೇಹಿ, ಬಲಪುಟದಲ್ಲಿ ಇಂಗ್ಲಿಷ್. ಎಡಪುಟವನ್ನು ರಾತ್ರಿ ಮನೆಯಲ್ಲಿ ಓದಿ ಹೇಳಲಿ, ಬಲಪುಟವನ್ನು ಸ್ವಯಂಸೇವಕ ತಿದ್ದಲಿ. ಅವನು ಊರಿಗೆ ಹೊರಟ ಮೇಲೆಯೂ ಪುಸ್ತಕ ದ್ವೀಪದಲ್ಲಿಯೇ ಉಳಿಯಬೇಕು. ಮುಂದಿನವನು ಅಲ್ಲಿಂದ ಆರಂಭಿಸಬೇಕು. ಇದಕ್ಕೆ ಹಣ ಬೇಕಾಗಿಲ್ಲ, ಪಟ್ಟುಹಿಡಿಯುವ ಒಬ್ಬರು ಬೇಕು.

ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲಿಯೂ ಆಡುವ ಮಾತು ದಿವೇಹಿಯ ಬಳಗದ್ದೇ. ಅಲ್ಲಿಯದೂ ಹವಳದ ಮರಳೇ, ಬಾವಿಯೇ. ಗಡಿಯ ಆಚೆ ಈಚೆಯ ಎರಡು ಶಾಲೆಗಳ ಮಕ್ಕಳು ಒಂದು ಮುಂಗಾರಿನ ಅಳತೆಗಳನ್ನು ಪರಸ್ಪರ ಕಳುಹಿಸಿಕೊಂಡರೆ ಏನು ಕಂಡೀತೆಂದು ತಿಳಿಯುವ ಆಸೆ ನನಗಂತೂ ಇದೆ.